ಕೂಡಿ ಕವಿತೆ ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ನಾವು ಏಳೆಂಟು ಜನ ತಿಂಗಳಿಗೆ ಎರಡು ಭಾನುವಾರ ಒಬ್ಬರ ಮನೆಯ ಜಗಲಿಯಲ್ಲಿ ಸೇರಿ ಕವಿತೆ ಓದುತ್ತೇವೆ. ಭಾಷಣ ಇಲ್ಲ, ಹಾರ ಇಲ್ಲ, ಅಧ್ಯಕ್ಷರಿಲ್ಲ. ಓದುವುದು, ಕೇಳುವುದು, ಮಾತಾಡುವುದು, ಅಷ್ಟೇ. ಹೊಸದಾಗಿ ಬರುವವರೂ, ತಮ್ಮ ಊರಿನಲ್ಲಿ ಇಂಥದ್ದೊಂದು ಶುರು ಮಾಡಬೇಕು ಅನ್ನುವವರೂ ಕೇಳುವ ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಉತ್ತರ ಬರೆದಿದ್ದೇನೆ.

ಕವಿತೆ ಒಬ್ಬರೇ ಕೂತು ಓದುವಂಥದ್ದಲ್ವಾ? ಗುಂಪಿನಲ್ಲಿ ಓದಿದರೆ ಜಾಸ್ತಿ ಏನು ಸಿಗುತ್ತದೆ?

ಒಬ್ಬರೇ ಓದಬೇಕು, ಖಂಡಿತ. ಆದರೆ ಒಬ್ಬರ ಬದುಕಿನಲ್ಲಿ ಎಲ್ಲ ಮಾತುಗಳೂ ಬಂದು ಹೋಗಿರುವುದಿಲ್ಲ. ಇದು ನನಗೆ ಮನದಟ್ಟಾದದ್ದು ಶಿಶುನಾಳ ಶರೀಫರ ಪದ ಓದಿದ ದಿನ.

‘ಸೋರುತಿಹುದು ಮನೆಯ ಮಾಳಿಗಿ ಅಜ್ಞಾನದಿಂದ’. ಈ ಪದ ಯಾರಿಗೆ ಗೊತ್ತಿಲ್ಲ? ಚಿಕ್ಕಂದಿನಿಂದ ಕೇಳಿದ್ದೆ. ನಾನು ಮಲೆನಾಡಿನವಳು. ಸೋರುವ ಮನೆ ಅಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಒಡೆದ ಹಂಚು, ಕೆಳಗಿಟ್ಟ ಬೋಗುಣಿ, ರಾತ್ರಿಯೆಲ್ಲ ಟಪ್ ಟಪ್ ಸದ್ದು. ಅದರಲ್ಲಿ ‘ಮೇಲಕೇರಿ ಮೆಟ್ಟಲಾರೆ’ ಅಂತ ಒಂದು ಮಾತು ಬರುತ್ತದೆ. ಹಾಡುವಾಗ ಹಾಗೇ ತೇಲಿಸಿಕೊಂಡು ಹೋಗಿದ್ದೆ. ಮೆಟ್ಟಿಲು ಹತ್ತಲಾರೆ ಅಂತಿರಬೇಕು ಅಂದುಕೊಂಡಿದ್ದೆ.

ನಮ್ಮ ಬಳಗದಲ್ಲಿ ಹಾವೇರಿ ಕಡೆಯ ಅಕ್ಕ ಒಬ್ಬರಿದ್ದಾರೆ. ಶರೀಫರ ಶಿಶುನಾಳವೂ ಹಾವೇರಿ ಜಿಲ್ಲೆಯದೇ, ಶಿಗ್ಗಾಂವಿ ತಾಲ್ಲೂಕು. ನಾನು ಹಂಚಿನ ಮಾತೆತ್ತಿದ್ದೇ ಅವರು ಕೇಳಿದರು: ‘ಹಂಚಿನ ಮ್ಯಾಲೆ ಹತ್ತಿ ಯಾರರೆ ಮೆಟ್ಟತಾರೇನ್ರಿ?’ ಆಮೇಲೆ ತಮ್ಮ ತವರುಮನೆಯ ಮಾಳಿಗೆಯನ್ನು ನಮ್ಮ ಮುಂದೆ ಕಟ್ಟಿ ತೋರಿಸಿದರು. ಗೋಡೆಯ ಮೇಲೆ ತೊಲೆ. ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ. ಅದರ ಮೇಲೆ ಮಣ್ಣು. ಚಪ್ಪಟೆ ಮಾಳಿಗೆ. ಮಳೆಗಾಲ ಬರುವ ಮುಂಚೆ ಮೇಲೆ ಹತ್ತಿ, ಬೆಳೆದ ಹುಲ್ಲು ಕಿತ್ತು, ಮಣ್ಣು ಹಾಕಿ, ಕಾಲಲ್ಲಿ ಮೆಟ್ಟಿ ಗಟ್ಟಿ ಮಾಡಬೇಕು. ಒಂದು ವರ್ಷ ಬಿಟ್ಟರೆ ಸೋರಲು ಶುರು.

ಆಗ ಇಡೀ ಪದ ಬೇರೆಯೇ ಆಗಿ ಕಂಡಿತು. ‘ಮುರುಕು ತೊಲೆಯು ಹುಳುಕು ಜಂತಿ’ ಬರೀ ಪಟ್ಟಿಯಲ್ಲ, ಆ ಮನೆಯ ಎಲುಬು. ‘ಕರಕಿ ಹುಲ್ಲು ಕಸವು ಹತ್ತಿ’ ಅಂದರೆ ಯಾರೂ ಮೇಲೆ ಹತ್ತಿ ಎಷ್ಟೋ ಕಾಲವಾಗಿದೆ ಅಂತ ಅರ್ಥ. ಮೆಟ್ಟಲಾರೆ ಅಂದರೆ ಮಣ್ಣನ್ನು ತುಳಿದು ಕೂರಿಸಲಾರೆ. ನನಗೆ ಅಜ್ಞಾನ ಅನ್ನುವ ಮಾತೂ ಬದಲಾಯಿತು. ಅದು ಒಮ್ಮೆ ಒಡೆದು ಹೋದ ಹಂಚಿನಂಥದ್ದಲ್ಲ. ವರ್ಷ ವರ್ಷ ನೋಡಿಕೊಳ್ಳಬೇಕಾದದ್ದನ್ನು ನೋಡಿಕೊಳ್ಳದೆ ಬಿಟ್ಟದ್ದು. ನಾನು ಒಬ್ಬಳೇ ಇನ್ನೂ ಇಪ್ಪತ್ತು ವರ್ಷ ಓದಿದ್ದರೂ ನನಗೆ ಇದು ಸಿಗುತ್ತಿರಲಿಲ್ಲ. ಆ ಅಕ್ಕ ಕಾಲೇಜಿನಲ್ಲಿ ಸಾಹಿತ್ಯ ಓದಿದವರಲ್ಲ. ಮಾಳಿಗೆ ಮೆಟ್ಟಿದವರು.

ನಾನು ಸಾಹಿತ್ಯ ಓದಿದವನಲ್ಲ. ಬರಬಹುದಾ?

ಬನ್ನಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ‘ಕವಿರಾಜಮಾರ್ಗ’. ಒಂಬತ್ತನೇ ಶತಮಾನದ್ದು. ಅದರಲ್ಲಿ ಕನ್ನಡ ನಾಡಿನ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಅಂತ ಕರೆದಿದೆ. ಪಟ್ಟಾಗಿ ಕೂತು ಓದದಿದ್ದರೂ ಕಾವ್ಯ ಬಲ್ಲವರು ಅಂತ. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆಯೇ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದೆ.

ಎಷ್ಟು ಜನ ಇರಬೇಕು? ಎಷ್ಟು ಹೊತ್ತು?

ಐದಕ್ಕಿಂತ ಕಡಿಮೆ ಆದರೆ ಒಬ್ಬಿಬ್ಬರು ತಪ್ಪಿಸಿಕೊಂಡ ದಿನ ಕಷ್ಟ. ಹತ್ತು ದಾಟಿದರೆ ಸಂಕೋಚದವರು ಬಾಯಿ ಬಿಡುವುದಿಲ್ಲ. ಒಂದೂವರೆ ಗಂಟೆ ಸಾಕು.

ಒಂದು ದಿನಕ್ಕೆ ಎಷ್ಟು ಕವಿತೆ?

ಒಂದು. ಚಿಕ್ಕದಾದರೆ ಎರಡು. ಶುರುವಿನಲ್ಲಿ ನಾವು ಒಂದೇ ಸಂಜೆಗೆ ಎಂಟು ಹತ್ತು ಓದುತ್ತಿದ್ದೆವು. ಎಲ್ಲರಿಗೂ ಖುಷಿಯೇ ಆಗುತ್ತಿತ್ತು. ಆದರೆ ಮುಂದಿನ ಸಲ ಬಂದಾಗ ಯಾರಿಗೂ ಒಂದು ಸಾಲೂ ನೆನಪಿರುತ್ತಿರಲಿಲ್ಲ.

ಹೇಗೆ ಓದುತ್ತೀರಿ? ಏನಾದರೂ ಕ್ರಮ ಇದೆಯಾ?

ಇದೆ. ಮೊದಲು ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಯಾರೂ ಮಾತಾಡುವುದಿಲ್ಲ. ಆಮೇಲೆ ಇನ್ನೊಬ್ಬರು ಅದನ್ನೇ ಓದುತ್ತಾರೆ. ಬೇರೆ ಊರಿನ, ಬೇರೆ ವಯಸ್ಸಿನ ದನಿಯಾದರೆ ಒಳ್ಳೆಯದು. ಒಬ್ಬರು ನಿಲ್ಲಿಸಿದ ಕಡೆ ಇನ್ನೊಬ್ಬರು ನಿಲ್ಲಿಸುವುದಿಲ್ಲ. ಅಲ್ಲೇ ಅರ್ಧ ಮಾತುಕತೆ ಹುಟ್ಟುತ್ತದೆ.

ಆಮೇಲೆ ಪದಗಳು. ‘ಈ ಕವಿತೆಯ ಅರ್ಥ ಏನು’ ಅಂತ ನಾವು ಯಾರೂ ಮೊದಲಿಗೆ ಕೇಳುವುದಿಲ್ಲ. ‘ಯಾವ ಪದದ ಹತ್ತಿರ ನಿಂತಿರಿ?’ ಅಂತ ಕೇಳುತ್ತೇವೆ. ಒಬ್ಬೊಬ್ಬರೂ ಒಂದೊಂದು ಪದ ಹೇಳಬೇಕು. ಅರ್ಥದಿಂದ ಶುರು ಮಾಡಿದರೆ ತಿಳಿದವರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಪದದಿಂದ ಶುರು ಮಾಡಿದರೆ ಎಲ್ಲರ ಕೈಯಲ್ಲೂ ಏನಾದರೂ ಇರುತ್ತದೆ. ಇಷ್ಟು ವರ್ಷದಲ್ಲಿ ನಾವು ಕಲಿತ ದೊಡ್ಡ ಪಾಠ ಅಂದರೆ ಇದೇ.

ಕೊನೆಗೆ ಮತ್ತೊಮ್ಮೆ ಓದುತ್ತೇವೆ. ಮಾತಾಡದೆ ಎದ್ದು ಹೋಗುತ್ತೇವೆ. ಕಾಫಿ ಆಮೇಲೆ.

ಶುರು ಮಾಡಲು ಯಾವ ಕವಿತೆ ಒಳ್ಳೆಯದು?

ನಾನು ವಚನ ಅನ್ನುತ್ತೇನೆ. ಚಿಕ್ಕದು, ಮಾತಿನ ಹಾಗಿರುತ್ತದೆ, ಎಲ್ಲರಿಗೂ ಎಲ್ಲೋ ಕೇಳಿದ ನೆನಪಿರುತ್ತದೆ. ಕೇಳಿ ಕೇಳಿ ಸವೆದಿರುತ್ತದೆ ಅನ್ನುವುದೇ ತೊಡಕು. ಆದರೆ ಕೂಡಿ ಓದಿದರೆ ಸವೆದದ್ದೂ ಮತ್ತೆ ಹೊಸದಾಗುತ್ತದೆ.

ಅಲ್ಲಮನ ಈ ವಚನ ತಗೊಳ್ಳಿ:

ಎತ್ತಣ ಮಾಮರ ಎತ್ತಣ ಕೋಗಿಲೆ,
ಎತ್ತಣಿಂದೆತ್ತ ಸಂಬಂಧವಯ್ಯಾ?
ಬೆಟ್ಟದ ನೆಲ್ಲಿಯ ಕಾಯಿ, ಸಮುದ್ರದೊಳಗಣ ಉಪ್ಪು,
ಎತ್ತಣಿಂದೆತ್ತ ಸಂಬಂಧವಯ್ಯಾ?
ಗುಹೇಶ್ವರಲಿಂಗಕ್ಕೆಯೂ ಎಮಗೆಯೂ
ಎತ್ತಣಿಂದೆತ್ತ ಸಂಬಂಧವಯ್ಯಾ?

ನಮ್ಮಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇದನ್ನು ಓದಿ, ಜೀವ ಮತ್ತು ದೇವರ ಸಂಬಂಧದ ಬಗ್ಗೆ ಚೆನ್ನಾಗಿ ಮಾತಾಡಿದರು. ಎಲ್ಲರೂ ಕೇಳಿದರು. ಆಮೇಲೆ ಪದದ ಸರದಿ ಬಂತು. ಪಕ್ಕದ ಮನೆಯ ಅಜ್ಜಿ ‘ಉಪ್ಪು’ ಅಂದರು. ‘ನೆಲ್ಲಿಕಾಯಿ ಬೆಟ್ಟದಿಂದ ಬರುತ್ತೆ, ಉಪ್ಪು ಸಮುದ್ರದಿಂದ. ಎರಡೂ ಸೇರೋದು ನನ್ನ ಭರಣಿಯಲ್ಲಿ. ಆದರೆ ಸೇರಿದ ದಿನವೇ ತಿನ್ನೋಕಾಗಲ್ಲ. ಉಪ್ಪು ಒಳಗೆ ಇಳೀಬೇಕು. ನೆಲ್ಲಿಕಾಯಿ ನೀರು ಬಿಡಬೇಕು.’

ಮೇಷ್ಟ್ರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ‘ನಲವತ್ತು ವರ್ಷ ಪಾಠ ಮಾಡಿದೆ, ನೀರು ಬಿಡುವುದು ಹೊಳೆದಿರಲಿಲ್ಲ ಅಮ್ಮಾ’ ಅಂದರು. ವಚನದಲ್ಲಿ ಉಪ್ಪಿನಕಾಯಿ ಅನ್ನುವ ಪದವೇ ಇಲ್ಲ ಅನ್ನುವುದನ್ನು ಗಮನಿಸಿ. ಅಲ್ಲಮ ಎರಡನ್ನು ತಂದಿಟ್ಟು ಕೈ ಬಿಡುತ್ತಾನೆ. ಭರಣಿ ನಮ್ಮದು.

ಎಷ್ಟು ಓದಿದರೂ ಅರ್ಥವೇ ಆಗದಿದ್ದರೆ?

ಆಗದೇ ಇರಲಿ. ಶರೀಫರದೇ ‘ಕೋಡಗನ ಕೋಳಿ ನುಂಗಿತ್ತ’ ಇದೆಯಲ್ಲ. ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ, ಕೊನೆಗೆ ಗುರು ಗೋವಿಂದನ ಪಾದ ಹಾಡುವವನನ್ನೇ ನುಂಗುತ್ತದೆ. ಇದಕ್ಕೆ ಒಂದೊಂದು ಪ್ರಾಣಿಗೆ ಒಂದೊಂದು ತತ್ವ ಹಚ್ಚಿ ವಿವರಿಸುವವರಿದ್ದಾರೆ. ಅದನ್ನೂ ಓದಿ. ಆದರೆ ಅದಕ್ಕೆ ಮೊದಲು ‘ನುಂಗಿತ್ತ’ ಅನ್ನುವ ಪದ ಎಷ್ಟು ಸಲ ಬರುತ್ತದೆ ನೋಡಿ. ಗಟ್ಟಿಯಾಗಿ ಓದಿ. ಗೋಡೆ ಸುಣ್ಣ ನುಂಗುವುದು ಮಾತ್ರ ದಿನಾ ನಡೆಯುವ ಸಂಗತಿ, ಬಳಿದವರಿಗೆ ಗೊತ್ತು. ಅಷ್ಟು ಅಸಾಧ್ಯಗಳ ನಡುವೆ ಒಂದು ನಿಜ ಇಟ್ಟಿದ್ದಾರೆ. ಇಂಥದ್ದು ಕಣ್ಣಿಗೆ ಬಿದ್ದರೆ ಆ ದಿನದ ಓದು ದಂಡವಾಗಲಿಲ್ಲ.

ಕವಿಯ ಜೀವನ ಗೊತ್ತಿರಬೇಕಾ?

ಗೊತ್ತಿದ್ದರೆ ಒಳ್ಳೆಯದು, ಆದರೆ ಯಾವಾಗ ಹೇಳಬೇಕು ಅನ್ನುವುದು ಮುಖ್ಯ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯನ್ನು ಪ್ರೇಮಗೀತೆ ಅಂತ ಗುನುಗುವವರು ಬಹಳ. ಅದು ಮಗುವನ್ನು ಕಳೆದುಕೊಂಡ ಗಂಡ ತನ್ನ ಹೆಂಡತಿಗೆ ಹೇಳುವ ಮಾತು. ನಾವು ಅದನ್ನು ಓದಿದ ದಿನ ಮೊದಲ ಎರಡು ಓದು ಮುಗಿಯುವವರೆಗೆ ನಾನು ಏನೂ ಹೇಳಲಿಲ್ಲ. ಗೊತ್ತಿದ್ದ ಇನ್ನಿಬ್ಬರೂ ಹೇಳಲಿಲ್ಲ. ಕವಿತೆಯೊಳಗೇ ಸುಳಿವುಗಳಿವೆ. ಬಳಗದ ಒಬ್ಬ ಹುಡುಗಿ, ಇಂಜಿನಿಯರಿಂಗ್ ಓದುವವಳು, ‘ಇದು ಪ್ರೀತಿಯ ನೋಟ ಅಲ್ಲ, ಇವನಿಗೆ ಭಯ ಆಗ್ತಿದೆ’ ಅಂದಳು. ಆಮೇಲೆ ಹೇಳಿದೆವು. ಮೂರನೇ ಸಲ ಓದುವಾಗ ಓದುತ್ತಿದ್ದವರ ಗಂಟಲು ಕಟ್ಟಿತು, ಇನ್ನೊಬ್ಬರು ಮುಂದುವರಿಸಿದರು. ಮೊದಲೇ ಹೇಳಿಬಿಟ್ಟಿದ್ದರೆ ಅವಳು ತಾನೇ ಕಂಡುಕೊಳ್ಳುವುದು ತಪ್ಪಿಹೋಗುತ್ತಿತ್ತು.

ಹಳಗನ್ನಡ ನಮ್ಮಂಥವರಿಗೆ ಆಗುತ್ತದಾ?

ಆಗುತ್ತದೆ, ನಿಧಾನವಾಗಿ. ನಾಲ್ಕು ಸಾಲಿಗೆ ಒಂದೂವರೆ ಗಂಟೆ ಅಂತ ಮನಸ್ಸು ಮಾಡಿಕೊಂಡು ಕೂರಬೇಕು. ಒಂದು ಕೀಲಿ ಹೇಳುತ್ತೇನೆ: ಪದದ ಮೊದಲಿಗೆ ‘ಪ’ ಇದ್ದು ಅರ್ಥ ಆಗದಿದ್ದರೆ ಅಲ್ಲಿ ‘ಹ’ ಹಾಕಿ ನೋಡಿ. ಪಾಲ್ ಹಾಲಾಗುತ್ತದೆ, ಪೂ ಹೂವಾಗುತ್ತದೆ, ಪುಲಿ ಹುಲಿಯಾಗುತ್ತದೆ. ಎಲ್ಲ ಕಡೆ ನಡೆಯುವುದಿಲ್ಲ, ಆದರೆ ಅರ್ಧ ಹೆದರಿಕೆ ಹೋಗುತ್ತದೆ.

ಇನ್ನೊಂದು, ಕೂಡಿಸಿ ಬರೆದ ಪದಗಳನ್ನು ಬಿಡಿಸುವುದು. ಪಂಪನ ‘ಆರಂಕುಸವಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಎಲ್ಲರಿಗೂ ಗೊತ್ತಿರುವ ಸಾಲು. ಬಿಡಿಸಿ: ಆರ್, ಅಂಕುಸಂ, ಇಟ್ಟೊಡಂ. ಯಾರು ಅಂಕುಶ ಇಟ್ಟರೂ. ಅಂಕುಶ ಯಾವುದಕ್ಕೆ ಇಡುತ್ತಾರೆ? ಆನೆಗೆ. ಅಲ್ಲಿಗೆ ಪಂಪ ತನ್ನ ಮನಸ್ಸನ್ನು ಆನೆ ಅಂದ ಹಾಗಾಯಿತು, ಆನೆ ಅನ್ನುವ ಪದ ಬಳಸದೆಯೇ. ಮಾವುತ ತಿವಿದರೂ ತಿರುಗದೆ, ಬಂದ ದಾರಿಯ ಕಡೆಗೇ ಮುಖ ಮಾಡುವ ಆನೆ. ಶಿವಮೊಗ್ಗದವರಾದ ನಮಗೆ ಸಕ್ರೆಬೈಲಿನ ಆನೆ ಬಿಡಾರ ಹತ್ತಿರವೇ ಇದೆ. ಅಲ್ಲಿ ಮಾವುತರು ಆನೆ ನಡೆಸುವುದನ್ನು ನೋಡಿದವರಿಗೆ ಈ ಸಾಲನ್ನು ವಿವರಿಸಬೇಕಾಗಿಯೇ ಇಲ್ಲ. ಪಂಪ ಈ ಕಾವ್ಯ ಬರೆದದ್ದು ಹತ್ತನೇ ಶತಮಾನದಲ್ಲಿ. ಬನವಾಸಿ ಇವತ್ತಿಗೂ ಶಿರಸಿ ತಾಲ್ಲೂಕಿನಲ್ಲಿದೆ, ಬೆಳಿಗ್ಗೆ ಹೊರಟರೆ ಸಂಜೆಗೆ ನೋಡಿ ಬರಬಹುದು.

ಜೊತೆಗೆ ಒಂದು ನಿಘಂಟು ಇರಲಿ. 1894ರಲ್ಲಿ ಬಂದ ಕಿಟೆಲ್ ಅವರ ನಿಘಂಟು ಇವತ್ತಿಗೂ ಕೈ ಕೊಡುವುದಿಲ್ಲ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಊರಿನ ಲೈಬ್ರರಿಯಲ್ಲಿದ್ದರೆ ನೀವು ಪುಣ್ಯವಂತರು.

ಷಟ್ಪದಿ ಓದಲು ಗಮಕ ಕಲಿತಿರಬೇಕಾ?

ಕಲಿತವರು ಸಿಕ್ಕರೆ ಅದೇ ಭಾಗ್ಯ. ಕೂಡಿ ಕಾವ್ಯ ಓದುವುದು ನಮ್ಮ ನಾಡಿಗೆ ಹೊಸದೇ ಅಲ್ಲ. ಒಬ್ಬರು ರಾಗವಾಗಿ ವಾಚನ ಮಾಡುವುದು, ಇನ್ನೊಬ್ಬರು ವ್ಯಾಖ್ಯಾನ ಹೇಳುವುದು, ಊರೇ ಕೂತು ಕೇಳುವುದು, ಇದೇ ಗಮಕ. ಓದಲು ಬಾರದವರೂ ಕುಮಾರವ್ಯಾಸನನ್ನು ಬಾಯಲ್ಲಿ ಇಟ್ಟುಕೊಂಡದ್ದು ಹೀಗೆ ಕೇಳಿ ಕೇಳಿ. ಶಿವಮೊಗ್ಗದ ಹತ್ತಿರ ತುಂಗೆಯ ಆಚೆ ಈಚೆ ಮತ್ತೂರು, ಹೊಸಹಳ್ಳಿ ಅಂತ ಎರಡು ಊರುಗಳಿವೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿ ಓದಿದ ದಿನ ನಮ್ಮ ಜಗಲಿಯಲ್ಲಿ ಸಿಹಿ ಹಂಚಿದೆವು.

ಗಮಕ ಬಾರದಿದ್ದರೂ ಲಯ ಹಿಡಿಯಬಹುದು. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಅಂತ ಮಾತ್ರೆಗಳು ಓಡುತ್ತವೆ. ಗಿಡ್ಡ ಸಾಲಿಗೆ 14 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲು ಉದ್ದ, 23 ಮಾತ್ರೆ. ತೊಡೆಯ ಮೇಲೆ ತಟ್ಟಿಕೊಂಡು ಓದಿ, ತಾನಾಗಿ ಬರುತ್ತದೆ. ಪದ ಮುರಿದು ಮುಂದಿನ ಸಾಲಿಗೆ ಹೋಗುತ್ತದೆ, ಹೆದರಬೇಡಿ. ಬಳಗಕ್ಕೆಂದೇ ಬರೆದ ಹಾಗಿರುವ ಪದ್ಯ ಇದು:

ವೇದ ಪುರುಷನ ಸುತನ ಸುತನ ಸ
ಹೋದರನ ಹೆಮ್ಮಗನ ಮಗನ ತ
ಳೋದರಿಯ ಮಾತುಳನ ಮಾವನನತುಳ ಭುಜಬಲದಿ
ಕಾದು ಗೆಲಿದನನಣ್ಣನವ್ವೆಯ
ನಾದಿನಿಯ ಜಠರದಲಿ ಜನಿಸಿದ
ನಾದಿ ಮೂರುತಿ ಸಲಹೊ ಗದುಗಿನ ವೀರನಾರಯಣ

ಇದು ಒಗಟು. ಕೊನೆಯಿಂದ ಹಿಂದಕ್ಕೆ ಬಿಡಿಸಿದರೆ ಸುಲಭ. ವೀರನಾರಾಯಣ ಅಂದರೆ ಕೃಷ್ಣ. ಅವನನ್ನು ಹೆತ್ತವಳು ದೇವಕಿ. ದೇವಕಿಯ ಗಂಡ ವಸುದೇವ ಕುಂತಿಯ ಒಡಹುಟ್ಟಿದವನು, ಹಾಗಾಗಿ ದೇವಕಿ ಕುಂತಿಗೆ ನಾದಿನಿ. ಕುಂತಿ ಧರ್ಮರಾಯನ ಅವ್ವೆ. ಧರ್ಮರಾಯ ಭೀಮನ ಅಣ್ಣ. ಭೀಮ ಕಾದು ಗೆದ್ದದ್ದು ಜರಾಸಂಧನನ್ನು. ಜರಾಸಂಧ ಕಂಸನ ಮಾವ. ಕಂಸ ಯಾರಿಗೆ ಸೋದರಮಾವ, ಆ ತಳೋದರಿ ಯಾರ ಹೆಂಡತಿ? ಇನ್ನುಳಿದದ್ದನ್ನು ನಿಮ್ಮ ಬಳಗವೇ ಬಿಡಿಸಲಿ. ನಮ್ಮಲ್ಲಿ ಇದನ್ನು ಎಲ್ಲರಿಗಿಂತ ಮೊದಲು ಬಿಡಿಸಿದವರು ಮದುವೆ ಮನೆಗಳಲ್ಲಿ ನೆಂಟಸ್ತಿಕೆ ಹೇಳುವುದರಲ್ಲಿ ಪಳಗಿದ ಒಬ್ಬ ಅತ್ತೆ.

ಕವಿತೆ ಹಾಡಾಗಿ ತಲೆಯಲ್ಲಿ ಕೂತಿದೆ. ಓದಲು ಹೋದರೆ ರಾಗವೇ ಬರುತ್ತದೆ. ಏನು ಮಾಡೋದು?

ಇದು ಕನ್ನಡದವರಿಗೆ ದೊಡ್ಡ ಸಂಪತ್ತು. ಕಾಳಿಂಗರಾಯರು, ಅನಂತಸ್ವಾಮಿ, ಅಶ್ವಥ್, ನಮ್ಮೂರಿನ ಹೆಸರನ್ನೇ ಹೊತ್ತ ಸುಬ್ಬಣ್ಣ ಇವರೆಲ್ಲ ಇಲ್ಲದಿದ್ದರೆ ಎಷ್ಟೋ ಕವಿತೆಗಳು ನಮ್ಮ ಅಡುಗೆಮನೆಯವರೆಗೆ ಬರುತ್ತಲೇ ಇರಲಿಲ್ಲ. ಆದರೆ ರಾಗ ಒಂದು ಭಾವವನ್ನು ಆರಿಸಿಕೊಂಡುಬಿಡುತ್ತದೆ. ಹಾಡಿನಲ್ಲಿ ಕೆಲವು ನುಡಿಗಳನ್ನು ಬಿಟ್ಟಿರುವುದೂ ಉಂಟು. ನಾವು ಹೀಗೆ ಮಾಡುತ್ತೇವೆ: ಮೊದಲು ಎಲ್ಲರೂ ಸೇರಿ ಬಾಯ್ತುಂಬ ಹಾಡಿಬಿಡುತ್ತೇವೆ. ಆಸೆ ತೀರುತ್ತದೆ. ಆಮೇಲೆ ಪುಸ್ತಕ ತೆಗೆದು, ಪತ್ರ ಓದುವ ಹಾಗೆ, ಬರೀ ಮಾತಾಗಿ ಓದುತ್ತೇವೆ. ಹಾಡದೇ ಬಿಟ್ಟ ನುಡಿ ಬಂದಾಗ ಎಲ್ಲರೂ ತಲೆ ಎತ್ತುತ್ತಾರೆ.

ಒಬ್ಬರೇ ಮಾತಾಡುತ್ತಿದ್ದರೆ? ಜಗಳ ಆದರೆ?

ಜಗಳ ಆಗಲಿ, ಕವಿತೆಯ ಬಗ್ಗೆ ಆಗುವ ಜಗಳ ಒಳ್ಳೆಯದು. ‘ಯಾವ ಸಾಲಿನಲ್ಲಿದೆ ತೋರಿಸಿ’ ಅಂತ ಕೇಳಿದರೆ ದನಿ ತಾನಾಗಿ ಇಳಿಯುತ್ತದೆ, ಯಾಕೆಂದರೆ ಇಬ್ಬರೂ ಹಾಳೆಯ ಕಡೆ ಬಗ್ಗಬೇಕು.

ಒಬ್ಬರೇ ಮಾತಾಡುವುದು ಮಾತ್ರ ಕಷ್ಟ. ಈ ತಪ್ಪು ನಾನೇ ಮಾಡಿದ್ದೇನೆ. ಶುರುವಿನ ದಿನಗಳಲ್ಲಿ ಹೊಸದಾಗಿ ಬಂದ ಒಬ್ಬರು ಬೀಸುವ ಕಲ್ಲಿನ ತ್ರಿಪದಿಯೊಂದರ ಬಗ್ಗೆ ಏನೋ ಹೇಳಲು ಹೊರಟಿದ್ದರು. ನಾನು ನಡುವೆ ಬಾಯಿ ಹಾಕಿ, ತ್ರಿಪದಿಯ ಛಂದಸ್ಸು ವಿವರಿಸಿದೆ. ಅವರು ಸುಮ್ಮನಾದರು. ಮುಂದಿನ ಸಲ ಬರಲಿಲ್ಲ. ಅವರ ತಾಯಿ ಬೀಸುತ್ತಾ ಹಾಡುತ್ತಿದ್ದವರು ಅಂತ ಆಮೇಲೆ ತಿಳಿಯಿತು. ಆ ಹಾಡುಗಳು ನಮಗೆ ಸಿಗದೇ ಹೋದವು. ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟಳೆ: ಸುತ್ತು ಒಂದು ಬಾರಿ ಮುಗಿಯುವವರೆಗೆ ಯಾರೂ ಎರಡನೇ ಸಲ ಮಾತಾಡುವ ಹಾಗಿಲ್ಲ.

ನಾವು ಬರೆದ ಕವಿತೆ ಓದಬಹುದಾ?

ಅದಕ್ಕೆ ಬೇರೆ ದಿನ ಇಡಿ. ತಮ್ಮ ಕವಿತೆ ಜೇಬಿನಲ್ಲಿಟ್ಟುಕೊಂಡು ಬಂದವರ ಕಿವಿ ಬೇರೆಯವರ ಕವಿತೆಗೆ ಪೂರ್ತಿ ತೆರೆದಿರುವುದಿಲ್ಲ.

ಮಕ್ಕಳನ್ನು ಕರೆತರಬಹುದಾ?

ಕರೆತನ್ನಿ. ಗೋವಿನ ಹಾಡು ಓದಿದ ದಿನ ನಾಲ್ಕು ಮಕ್ಕಳಿದ್ದರು. ದೊಡ್ಡವರೆಲ್ಲ ಪುಣ್ಯಕೋಟಿಯ ಸತ್ಯದ ಬಗ್ಗೆ ಮಾತಾಡುತ್ತಿದ್ದೆವು. ಎರಡನೇ ಕ್ಲಾಸಿನ ಹುಡುಗ ‘ಹುಲಿಗೆ ಹಸಿವಾಗಿತ್ತಲ್ವಾ, ಅದಕ್ಕೆ ಯಾರು ಊಟ ಕೊಟ್ರು?’ ಅಂತ ಕೇಳಿದ. ಹಾಡಿನಲ್ಲಿ ಹುಲಿ ಕೊನೆಗೆ ಪ್ರಾಣ ಬಿಡುತ್ತದೆ. ಅವನಿಗೆ ಅದು ಸರಿ ಕಾಣಲಿಲ್ಲ. ನಮಗೂ ಉತ್ತರ ಹೊಳೆಯಲಿಲ್ಲ. ಅವತ್ತಿನ ಉಳಿದ ಹೊತ್ತೆಲ್ಲ ಹುಲಿಯದ್ದೇ ಆಯಿತು.

ದೂರದ ಊರಿನಲ್ಲಿದ್ದೇವೆ. ವಿಡಿಯೊ ಕಾಲ್‌ನಲ್ಲಿ ಆಗುತ್ತದಾ?

ಆಗುತ್ತದೆ. ನಮ್ಮ ಬಳಗದ ಒಬ್ಬರು ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋದಾಗ ಆರು ತಿಂಗಳು ಫೋನಿನಲ್ಲೇ ಕೂತಿದ್ದರು. ನಮಗೆ ಸಂಜೆ, ಅವರಿಗೆ ಬೆಳಗಿನ ಜಾವ. ಒಟ್ಟಿಗೆ ಹಾಡುವುದು ಮಾತ್ರ ಆಗದು, ದನಿಗಳು ಹಿಂದೆ ಮುಂದೆ ಆಗುತ್ತವೆ. ಒಬ್ಬರು ಓದುವಾಗ ಉಳಿದವರು ಮೈಕ್ ಆಫ್ ಮಾಡಿ. ಆದರೆ ಓದಿ ಮುಗಿದ ಮೇಲೆ ಎಲ್ಲರೂ ಆನ್ ಮಾಡಿ, ಒಂದು ನಿಮಿಷ ಸುಮ್ನೆ ಇರಿ. ಆ ಸುಮ್ಮನಿರುವುದೂ ಕೇಳಿಸಬೇಕು.

ಬರುವಾಗ ಏನು ತರಬೇಕು?

ಪೆನ್ಸಿಲ್ ಒಂದು ಸಾಕು. ಕವಿತೆಯ ಪ್ರತಿ ಜಗಲಿಯ ಮೇಲೆ ಇಟ್ಟಿರುತ್ತೇವೆ. ದೊಡ್ಡ ಅಕ್ಷರದಲ್ಲಿ, ಸುತ್ತ ಅಗಲ ಅಂಚು ಬಿಟ್ಟು ಮುದ್ರಿಸಿರುತ್ತೇವೆ, ಹಿರಿಯರಿಗೆ ಓದಲು, ಎಲ್ಲರಿಗೂ ಬರೆದುಕೊಳ್ಳಲು. ಓದುವಾಗ ಫೋನ್ ಒಳಗಿರಲಿ. ಮನೆಯಲ್ಲಿ ನೆಲ್ಲಿಕಾಯಿ ಉಪ್ಪಿನಕಾಯಿ ಇದ್ದರೆ ಸ್ವಲ್ಪ ತನ್ನಿ, ಅಜ್ಜಿಗೆ ರುಚಿ ನೋಡಿ ಹೇಳುವುದು ಇಷ್ಟ.